ಒಂದು, ಮೂರು, ನಾಲ್ಕು, ಎರಡು

11 ಜನವರಿ 1987, ರವಿವಾರ

ಸ್ಟೋವಿಗೆ ಚಿಮಣಿ ಎಣ್ಣೆ ಇಲ್ಲ. ಮತ್ತೆ. ವ್ಯಾಗನ್ನಿನ ಸಾಮಾನು ತೊಳೆಯಲು ಇವರು ಪೂರಾ ಕ್ಯಾನು ಒಯ್ದಿದ್ದಾರೆ. ಕಟ್ಟಿಗೆ ಒಲೆ ಹೊತ್ತಿಸಿ ರೊಟ್ಟಿ ಬಡಿದೆ. ಕಣ್ಣು ಇನ್ನೂ ಉರಿಯುತ್ತಿವೆ.

ಅಂಗಳದ ತುಂಬಾ ಇಂಜಿನ್. ತವರಿನವರು ಕೊಟ್ಟ ಹದಿನಾಲ್ಕು ಅಲ್ಯುಮಿನಿಯಂ ತಾಟುಗಳಲ್ಲಿ ವಾಲ್ವು, ಸ್ಪ್ರಿಂಗು, ನಟ್ಟು, ಬೋಲ್ಟು. ಯಾವ ತಾಟನ್ನೂ ಸರಿಸುವ ಹಾಗಿಲ್ಲ. ಉಣ್ಣುವುದು ಎಲೆಯಲ್ಲಿ.

ಮೂವತ್ತು ವರ್ಷದ ವಿಲ್ಲಿಸ್ ಸ್ಟೇಷನ್ ವ್ಯಾಗನ್, ಜೀಪಿನ ಜಾತಿಯ ಗಾಡಿ. ಮಾವನವರು ಹೈದರಾಬಾದಿನಿಂದ ತಂದದ್ದು. ಹಿಂದೆ ಉದ್ದಕ್ಕೆ ಜಾಗ, ಮೇಲೊಂದು ಕೆಳಗೊಂದು ತೆರೆಯುವ ಬಾಗಿಲು. ಮೈದುನ ಅಣ್ಣಾರಾಯನ ಮಕ್ಕಳು ನಾಲ್ವರೂ ಅದರಲ್ಲೇ ಜಿಡಗಾ ಮಠಕ್ಕೆ ಹೋಗಿ ಬಂದು ದೊಡ್ಡವರಾದರು. ನಮಗೆ ಮಕ್ಕಳಾಗಲಿಲ್ಲ. ಗಾಡಿ ಮಾತ್ರ ಉಳಿಯಿತು. ಎರಡು ವರ್ಷದಿಂದ ಹೊಗೆ ಉಗುಳಿ ನಿಂತಿದೆ. ಮಾರೋಣ ಅಂದರೆ ಎರಡು ದಿನ ಮಾತು ಬಿಡುತ್ತಾರೆ.

ಶಾಲೆಯ ಚಾಕ್‌ಪೀಸ್ ಕೊಟ್ಟೆ. “ತಾಟಿಗೊಂದು ನಂಬರರೆ ಹಾಕ್ರಿ. ಮರ್ತರ ಏನ್ ಮಾಡ್ತೀರಿ?”

ನಕ್ಕರು. ತಲೆ ಮುಟ್ಟಿ ತೋರಿಸಿದರು. “ಸುಮಿತ್ರಾ, ಎಲ್ಲಾ ಇಲ್ಲಿ ಅದ.”

17 ಜನವರಿ

ಸೋಲಾಪುರದಿಂದ ಪಿಸ್ಟನ್ ರಿಂಗ್ ಬಂದವು. ಎಳ್ಳು ಹೋಳಿಗೆ ಕೊಟ್ಟರೂ ಇಷ್ಟು ಖುಷಿಪಡುತ್ತಿರಲಿಲ್ಲ. ಮುಂದಿನ ರವಿವಾರದೊಳಗೆ ಜೋಡಿಸಿ ಮುಗಿಸುತ್ತಾರಂತೆ. ಆಮೇಲೆ ಭೀಮಾ ಹೊಳೆ ತನಕ ಒಂದು ಸುತ್ತು. ನಾನು ಬುತ್ತಿ ಕಟ್ಟಬೇಕಂತೆ. ನೋಡೋಣ... ಪರೀಕ್ಷೆ ಪೇಪರ್ ತಿದ್ದುವುದು ಬಾಕಿ ಇದೆ.

3 ಮಾರ್ಚ್

ಮನೆಗೆ ಬಂದೆವು. ಮೂವತ್ತೆಂಟು ದಿನ ಸೋಲಾಪುರದ ಆಸ್ಪತ್ರೆ.

ಆ ಶುಕ್ರವಾರದ ಬಗ್ಗೆ ಬರೆಯಲಾರೆ. ಇಷ್ಟೇ — ಶಾಲೆಯಿಂದ ಬಂದಾಗ ವ್ಯಾಗನ್ನಿನ ಗಾಲಿಗೆ ಒರಗಿ ಕೂತಿದ್ದರು. ನಟ್ಟು ಬಿಗಿಯುವ ಪಾನಾ ತೊಡೆಯ ಮೇಲೆ. ಬಾಯಿ ಒಂದು ಕಡೆ ಜಾರಿತ್ತು. ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದಾರೆ — ದೌಲತರಾಯ, ವಯಸ್ಸು 51, ಲಕ್ವಾ. ಬಲಗೈ, ಬಲಗಾಲು ಹೋಗಿವೆ. ಮಾತು ಹೋಗಿದೆ.

ಪೂರ್ತಿ ಹೋಗಿಲ್ಲ. ಒಂದು ಉಳಿದಿದೆ. “ಆತು.” ನೀರು ಬೇಕಾದರೂ ಆತು, ಬೇಡವಾದರೂ ಆತು. ನೋವಾದರೂ ಅದೇ. ಡಾಕ್ಟರ್ ಹೇಳಿದರು, ಒಳಗೆ ಎಲ್ಲಾ ತಿಳಿಯುತ್ತದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ ಅಂತ. ತಿಳಿಯದೆ ಹೋಗಿದ್ದರೇ ಚೆನ್ನಾಗಿತ್ತೇನೋ... ಛೆ. ಏನು ಬರೆದೆ.

ಅಂಗಳ ಸಾರಿಸಿ ಚೊಕ್ಕಟ ಇದೆ. ಒಂದು ತಾಟೂ ಇಲ್ಲ. ಅಣ್ಣಾರಾಯ ಹೆಮ್ಮೆಯಿಂದಲೇ ಹೇಳಿದ, “ವೈನಿ, ಅಣ್ಣನ್ನ ನೋಡಾಕ ಬರೋ ಮಂದಿಗಿ ಕೂಡಾಕ ಜಾಗ ಬೇಕಲ್ರಿ. ಎಲ್ಲಾ ಎರಡು ಡಬ್ಬಿನಾಗ ತುಂಬಿಟ್ಟೇನಿ. ಒಂದು ನಟ್ ಹೋಗಿಲ್ಲ.”

ಕೆಡಿಸಬೇಕೆಂದು ಮಾಡಿದ್ದಲ್ಲ. ಎಣ್ಣೆ ಡಬ್ಬಿ ಎರಡು, ಗೋಡೆಯ ಬದಿಗೆ, ತುಂಬಿ ತುಳುಕುತ್ತಿವೆ. ಇವರು ಹೊರಸಿನ ಮೇಲೆ ಮಲಗಿದಲ್ಲಿಂದ ನೋಡಿದರು. ಎಡಗೈಯಿಂದ ಕಣ್ಣು ಮುಚ್ಚಿಕೊಂಡರು.

20 ಮಾರ್ಚ್

ರಜೆ ಮುಗಿಯಿತು. ಐದಕ್ಕೆ ಏಳುವುದು, ಮೈ ಒರೆಸುವುದು, ಮಗ್ಗಲು ತಿರುಗಿಸುವುದು, ಶಾಲೆ. ಮಧ್ಯಾಹ್ನದ ಗಂಜಿ ಅಣ್ಣಾರಾಯನ ಹೆಂಡತಿ ಸುಭದ್ರಾ ಕುಡಿಸುತ್ತಾಳೆ. ನಡುವೆ ಒಂದು ಗೋಡೆ, ಅಷ್ಟೇ. ಇವತ್ತು ಕುಡಿಯಲಿಲ್ಲವಂತೆ. ಬಟ್ಟಲು ತಳ್ಳಿದರಂತೆ.

ಮಕ್ಕಳಿಗೆ ಏಳರ ಮಗ್ಗಿ ಹೇಳಿಸುತ್ತಾ ನಡುವೆ ನಾನೇ ಮರೆತು ನಿಂತೆ.

6 ಏಪ್ರಿಲ್

ಅಳುತ್ತಾರೆ. ದಿನಾ. ಶಬ್ದವಿಲ್ಲದೆ. ಒರೆಸಲು ಹೋದರೆ ಮುಖ ಆ ಕಡೆ.

ಏನು ಬೇಕು ಅಂತ ಒಂದೊಂದೇ ಕೇಳುತ್ತೇನೆ. ನೀರೇನ್ರಿ? ದಿಂಬೇನ್ರಿ? ಸೆಖಿಯೇನ್ರಿ? ಆತು, ಆತು, ಆತು. ಕೊನೆಗೆ ನಾನೂ ಸಿಟ್ಟಿನಿಂದ ಆತು ಅಂದುಬಿಟ್ಟೆ.

19 ಏಪ್ರಿಲ್, ರವಿವಾರ

ಯಾಕೆ ಮಾಡಿದೆನೋ ಗೊತ್ತಿಲ್ಲ. ಇವರು ಮಲಗಿದ್ದ ಹೊರಸನ್ನು ಬೇವಿನ ನೆರಳಿಗೆ ಎಳೆದು, ಕೆಳಗೆ ಗೋಣಿತಟ್ಟು ಹಾಸಿ, ಎರಡೂ ಡಬ್ಬಿ ಸುರುವಿದೆ. ಸದ್ದಿಗೆ ಕಾಗೆಗಳು ಎದ್ದು ಹೋದವು.

ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಎಡಗೈ ಕೆಳಗೆ ಬಂತು. ಒಂದು ಸಣ್ಣ ಸ್ಪ್ರಿಂಗ್ ಎತ್ತಿ ಈ ಕಡೆ ಇಟ್ಟರು. ಇನ್ನೊಂದು ಎತ್ತಿ ಅದರ ಪಕ್ಕಕ್ಕೆ. ಮೂರನೆಯದನ್ನು ಇಡಲು ಹೋಗಿ ನಿಂತರು, ಕಣ್ಣಿನ ಹತ್ತಿರ ಹಿಡಿದು ನೋಡಿದರು, ಬೇರೆ ಕಡೆ ಇಟ್ಟರು. ನನಗೆ ಮೂರೂ ಒಂದೇ ತರಹ ಕಂಡವು.

ನಾಲ್ಕು ತಾಸು. ಹನ್ನೊಂದು ಗುಂಪು. ಅಳಲಿಲ್ಲ ಇವತ್ತು.

26 ಏಪ್ರಿಲ್

ಶರಫುದ್ದೀನರನ್ನು ಕರೆಸಿದೆ. ಬಸ್‌ಸ್ಟ್ಯಾಂಡಿನ ಹಿಂದೆ ಹೊಲದ ನೀರಿನ ಪಂಪು ರಿಪೇರಿ ಮಾಡುವವರು. ಇವರ ಹಳೆಯ ದೋಸ್ತರು. ಬಂದವರು ಇವರ ಎಡಗೈ ಹಿಡಿದು ಕೂತರು. ಕಡೆಗೆ ನನ್ನ ಕಡೆ ತಿರುಗಿ ಹೇಳಿದರು.

“ಅಕ್ಕೋರ, ಸುಳ್ಳು ಹೇಳೂದಿಲ್ಲ. ನಾ ಪಂಪಿನ ಮಿಸ್ತ್ರಿ. ಪೆಟ್ರೋಲ್ ಗಾಡಿ ನನಗ ಪೂರಾ ತಿಳಿಯಂಗಿಲ್ಲ. ಖರೆ ಸಾವ್ಕಾರ್ರು ಕೈ ಮಾಡಿ ತೋರಿಸಿದ್ರ ನಾ ಬಿಗಿತೇನಿ.”

“ಆತು” ಅಂದರು ಇವರು. ಈ ಆತು ಬೇರೆ ಇತ್ತು. ನಮ್ಮ ಮೂವರಿಗೂ ತಿಳಿಯಿತು.

5 ಮೇ

ಬೇಸಿಗೆ ರಜೆ. ಶರಫುದ್ದೀನರು ಸಂಜೆ ಒಂದು ತಾಸು ಬರುತ್ತಾರೆ. ಉಳಿದ ಹೊತ್ತು ನಾನೇ. ಸೆರಗು ಬಿಗಿದು ಗಾಡಿಯ ಕೆಳಗೆ ಮಲಗುತ್ತೇನೆ. ಸುಭದ್ರಾ ಗೋಡೆಯ ಮೇಲಿಂದ ಇಣುಕಿ, “ಅಯ್ಯ ಯಕ್ಕಾ, ನೀ ಖರೇನ ಮಿಸ್ತ್ರಿ ಆದ್ಯಲ್ಲ” ಅಂತ ನಗುತ್ತಾಳೆ. ನಾನೂ ನಕ್ಕೆ. ಎಷ್ಟು ದಿನಕ್ಕೆ.

ಪಿಸ್ಟನ್ ನಾಲ್ಕೂ ತಮ್ಮ ಜಾಗಕ್ಕೆ ಇಳಿದವು. ತಲೆಗೂದಲಲ್ಲಿ ಗ್ರೀಸು. ಸೀಗೆಪುಡಿಗೆ ಹೋಗುವುದಿಲ್ಲ.

17 ಮೇ

ತಪ್ಪು ಬೋಲ್ಟು ಹಾಕಿದೆ. “ಆತು!” ಅಂದರು. ತೆಗೆದು ಇನ್ನೊಂದು ಹಾಕಿದೆ. “ಆತು!” ಇನ್ನೂ ಜೋರಾಗಿ. ಯಾವುದು ಅಂತ ಹ್ಯಾಂಗ ತಿಳೀಬೇಕ್ರಿ ನನಗ ಅಂದೆ. ಪಾನಾ ಎಸೆದರು. ಎಡಗೈಗೆ ಗುರಿಯಿಲ್ಲ. ನನ್ನ ಮಣಿಕಟ್ಟಿಗೆ ಬಿತ್ತು.

ಕೈ ಬಾತಿದೆ. ಇದನ್ನು ಬರೆಯಲು ಬಹಳ ಹೊತ್ತು ಹಿಡಿಯಿತು. ಇವರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಹೋಗಿ ಸಮಾಧಾನ ಮಾಡಬೇಕು. ಯಾರು ಯಾರಿಗೆ...

7 ಜೂನ್, ರವಿವಾರ

ಎಲ್ಲಾ ಕೂಡಿಸಿ ಆಯಿತು. ಚಾರ್ಜ್ ಮಾಡಿಸಿದ ಬ್ಯಾಟರಿ ತಂದರು ಶರಫುದ್ದೀನರು. ಇಂಜಿನ್ ಚಾಲೂ ಮಾಡುವ ಸೆಲ್ಫ್ ಒತ್ತಿದರು. ಗರ್ರ್ ಗರ್ರ್. ಆಮೇಲೆ ಕಾರ್ಬೊರೇಟರಿನಿಂದ ಢಮ್ ಅಂತ ಬೆಂಕಿ. ಹಿಂದಕ್ಕೆ ಹಾರಿದೆವು. ಮತ್ತೆ ಒತ್ತಿದರೆ ಮತ್ತೆ ಢಮ್. ಏನು ಮಾಡಿದರೂ ಅಷ್ಟೇ. ಶರಫುದ್ದೀನರು ತಲೆ ಕೆರೆದುಕೊಂಡು ಹೋದರು.

ಇವರು ಬೆರಳು ತೋರಿಸುತ್ತಿದ್ದಾರೆ. ಒಂದು ಬೆರಳು. ಆಮೇಲೆ ಮೂರು. ನಾಲ್ಕು. ಆಮೇಲೆ ಎರಡು.

ಎಣಿಕೆಯೂ ಹೋಯಿತು ಅನ್ನಿಸಿತು.

8 ಜೂನ್

ಸ್ಲೇಟು ತಂದೆ. ಒಂದನೇ ತರಗತಿಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಬೆರಳು ಹಿಡಿದು — ಒಂದು. ಎರಡು. ಮೂರು. ನಾಲ್ಕು. ಈಗ ನೀವು ತೋರಿಸ್ರಿ.

ಒಂದು. ಮೂರು. ನಾಲ್ಕು. ಎರಡು.

ಅಲ್ರಿ, ಒಂದು ಆದ ಮ್ಯಾಲೆ ಎರಡು. ಮತ್ತೆ ಹಿಡಿದು ತೋರಿಸಿದೆ. ಹತ್ತು ಸಲ ಮಾಡಿದೆನೋ ಏನೋ. ಸ್ಲೇಟು ಕಿತ್ತುಕೊಂಡರು. ಒಡೆಯುತ್ತಾರೆ ಅಂದುಕೊಂಡೆ. ಒಡೆಯಲಿಲ್ಲ. ಎದೆಯ ಮೇಲೆ ಇಟ್ಟುಕೊಂಡು, ನನ್ನನ್ನೇ ನೋಡುತ್ತಾ, ನಿಧಾನವಾಗಿ, ನಾನು ದಡ್ಡಿ ಎಂಬಂತೆ, ಮತ್ತೆ ತೋರಿಸಿದರು. ಒಂದು. ಮೂರು. ನಾಲ್ಕು. ಎರಡು. ಕಣ್ಣಲ್ಲಿ ನೀರು.

ನಾನು ಒಳಗೆ ಬಂದು ಹಿಟ್ಟಿನ ಡಬ್ಬಿಯ ಹತ್ತಿರ ನಿಂತು ಅತ್ತೆ.

9 ಜೂನ್

ಶರಫುದ್ದೀನರಿಗೆ ಹೇಳಿದೆ. ಎಣಿಸಾಕೂ ಬರವಲ್ದು ಈಗ. ಒಂದು ಅಂತಾರ, ಸೀದಾ ಮೂರಕ್ಕ ಹೋಗ್ತಾರ, ನಾಲ್ಕು, ಆ ಮ್ಯಾಲೆ ಎರಡು.

ಅವರು ಚಹಾದ ಕಪ್ಪು ಕೆಳಗಿಟ್ಟು ಹಣೆ ಬಡಿದುಕೊಂಡರು.

“ತೋಬಾ! ಅಕ್ಕೋರ, ಅದು ಎಣಿಕಿ ಅಲ್ರಿ! ಅದು ಬೆಂಕಿ ಬೀಳೋ ಸರದಿ. ನಾಲ್ಕು ಪಿಸ್ಟನ್ ಸಾಲಾಗಿ ಹೊಡ್ಯಂಗಿಲ್ಲ. ಒಂದಾದ ಮ್ಯಾಲೆ ಮೂರು, ಆ ಮ್ಯಾಲೆ ನಾಲ್ಕು, ಎರಡು ಕಡೀಗಿ. ಟ್ರ್ಯಾಕ್ಟರಿಗೂ ಇದೇ ಸರದಿ. ನನ್ನ ಕತ್ತೆ ತಲಿಗಿ ಬರ್ಲಿಲ್ಲ. ವೈರೆಲ್ಲಾ ನಾವು ಸಾಲಾಗಿ ಚುಚ್ಚೇವಿ!”

ವೈರು ಕಿತ್ತು, ಆ ಸರದಿಯಲ್ಲಿ ಚುಚ್ಚಿ, ಸೆಲ್ಫ್ ಒತ್ತಿದರು. ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ಹಿಡಿಯಿತು. ಇಡೀ ಅಂಗಳ ನಡುಗಿತು. ಬೇವಿನ ಎಲೆ ಉದುರಿದವು. ಅಣ್ಣಾರಾಯ, ಸುಭದ್ರಾ ಓಡಿ ಬಂದರು. ಇವರು ಬಾಯಿ ತೆರೆದು ನಗುತ್ತಿದ್ದರು. ಬಾಯಿಯ ಒಂದೇ ಬದಿ ನಗುತ್ತದೆ.

ಸರಿಯಿದ್ದವರಿಗೆ ತಪ್ಪು ಕಲಿಸಲು ಹೋದೆನಲ್ಲ. ಹತ್ತು ಸಲ. ಬೆರಳು ಹಿಡಿದು. ಇಪ್ಪತ್ತೆರಡು ವರ್ಷ ಮೇಷ್ಟರಿಕೆ ಮಾಡಿದವಳು.

ಕ್ಷಮಿಸ್ರಿ ಅಂದೆ. ತಲೆ ಸವರಿದರು.

2 ಜುಲೈ

ಈಗ ಕೋಲು ಹಿಡಿದು, ಬಲಗಾಲು ಎಳೆದುಕೊಂಡು ಗಾಡಿಯ ತನಕ ನಡೆಯುತ್ತಾರೆ. ಹದಿನೆಂಟು ಹೆಜ್ಜೆ. ಡ್ರೈವರ್ ಸೀಟಿನಲ್ಲಿ ಕೂಡುತ್ತಾರೆ, ಇಂಜಿನ್ ಚಾಲೂ ಮಾಡುತ್ತಾರೆ, ಕೇಳುತ್ತಾರೆ, ಬಂದ್ ಮಾಡುತ್ತಾರೆ. ದಿನವೂ. ಊಟವೂ ಸುಧಾರಿಸಿದೆ. ಡಾಕ್ಟರ್ ಕೂಡ ಒಳ್ಳೆಯದು ಅಂದರು.

21 ಜುಲೈ

ಶಾಲೆಗೇ ಮಂದಿ ಬಂದರು ಕರೆಯಲು. ಓಡಿದೆ. ನಡುವಿನ ಗೋಡೆ ಅರ್ಧ ಇಲ್ಲ. ವ್ಯಾಗನ್ನಿನ ಮೂತಿ ಅಣ್ಣಾರಾಯನ ಅಂಗಳದಲ್ಲಿ. ಕಲ್ಲು, ಮಣ್ಣು, ಮೊರ, ಚೆಲ್ಲಿದ ತೊಗರಿ. ಸುಭದ್ರಾ ಅಲ್ಲೇ ಕೂತು ತೊಗರಿ ಹಸನು ಮಾಡುತ್ತಿದ್ದಳಂತೆ. ನೀರು ಕುಡಿಯಲು ಒಳಗೆ ಹೋಗಿದ್ದಳು. ಹೊಸ್ತಿಲು ದಾಟಿದ್ದಳಷ್ಟೇ.

ಇವರಿಗೆ ಗಾಯವಿಲ್ಲ. ಸ್ಟೇರಿಂಗ್ ಹಿಡಿದು ಕೂತೇ ಇದ್ದರು.

ಎಡಗಾಲು ಗಟ್ಟಿ, ಕ್ಲಚ್ ಒತ್ತಬಲ್ಲರು. ಎಡಗೈ ಗಟ್ಟಿ, ಗೇರ್ ಹಾಕಬಲ್ಲರು. ಎಕ್ಸಿಲೇಟರ್ ಕೈಯಿಂದಲೇ ಕೊಡಲು ಮುಂದೆ ಒಂದು ಗುಂಡಿಯಿದೆ, ಅದನ್ನು ಎಳೆದಿದ್ದಾರೆ. ಬ್ರೇಕ್ ಬಲಗಾಲಿನದು. ಗಾಡಿ ಹೊರಟಿತು. ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ.

22 ಜುಲೈ

ಅಣ್ಣಾರಾಯ ಕೂಗಾಡಲಿಲ್ಲ. ಕೂಗಾಡಿದ್ದರೆ ಎದುರು ಮಾತಾಡಬಹುದಿತ್ತು. ಹೊಸ್ತಿಲ ಮೇಲೆ ಕೂತು, “ವೈನಿ, ಅಕಿ ಸತ್ತಿದ್ರ ನಾ ಅಣ್ಣಗ ಏನ್ ಅನ್ಲಿ? ಅವಂಗ ಬೈಲಾ? ಹೊಡೀಲಾ? ನೀವೇ ಹೇಳ್ರಿ” ಅಂದ. “ಗಾಡಿ ತೆಗೀರಿ, ಇಲ್ಲಾ ಅದು ಚಾಲೂ ಆಗ್ಲಾರದಂಗ ಮಾಡ್ರಿ.”

ಅವನು ಹೇಳಿದ್ದರಲ್ಲಿ ತಪ್ಪೇನಿದೆ.

23 ಜುಲೈ

ಓಣಿಯ ಮಂದಿ ಗಾಡಿಯನ್ನು ಹಳೆಯ ಜಾಗಕ್ಕೆ ದೂಡಿ ತಂದರು. ಮಾರಲು ಮನಸ್ಸಾಗಲಿಲ್ಲ. ಇವರು ಮಲಗಿದ್ದಾಗ ಶರಫುದ್ದೀನರಿಂದ ತೆಗೆಸಿದೆ. ರೋಟರ್ ಅಂತೆ. ಹೆಬ್ಬೆರಳಿನಷ್ಟು ಕರಿ ತುಂಡು, ಒಂದು ಮುಚ್ಚಳದ ಕೆಳಗೆ ಇರುತ್ತದೆ. ಅದಿಲ್ಲದಿದ್ದರೆ ಪ್ಲಗ್ಗುಗಳಿಗೆ ಕಿಡಿ ಹೋಗುವುದಿಲ್ಲ. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ.

“ಗುನ್ಹೆ ಮಾಡಿದಂಗ ಅನಿಸಾಕತ್ತದ್ರಿ ಅಕ್ಕೋರ” ಅಂದರು, ನನ್ನ ಕೈಗೆ ಹಾಕುತ್ತಾ.

ಚಾಕ್‌ಪೀಸಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಶಾಲೆಗೆ ಒಯ್ದು ತರುತ್ತೇನೆ.

2 ಆಗಸ್ಟ್

ಸೆಲ್ಫ್ ಒತ್ತಿದರು. ಗರ್ರ್ ಗರ್ರ್. ಹಿಡಿಯಲಿಲ್ಲ. ಪೆಟ್ರೋಲ್ ಬರುತ್ತಿದೆಯಾ ನೋಡು ಅಂತ ಕೈ ಮಾಡಿದರು. ಪೈಪು ಬಿಚ್ಚಿ ತೋರಿಸಿದೆ. ಬರುತ್ತಿದೆ.

5 ಆಗಸ್ಟ್

ಪ್ಲಗ್ ನಾಲ್ಕೂ ತೆಗೆದು ತಿಕ್ಕಿಸಿದರು. ತಿಕ್ಕಿದೆ. ಏನು ಶ್ರದ್ಧೆಯಿಂದ ತಿಕ್ಕಿದೆ ನಾನು! ಮೋಸ ಮಾಡುವ ಕೈಯೇ ಅಷ್ಟು ಚೊಕ್ಕ ಕೆಲಸ ಮಾಡುತ್ತದೆ. ಹಿಡಿಯಲಿಲ್ಲ. “ಬ್ಯಾಟರಿ ಇಳಿದಿರಬೇಕ್ರಿ” ಅಂದೆ.

ಯೋಚಿಸುತ್ತಾ ಕೂತರು. ಲಕ್ವಾ ಹೊಡೆದ ಮೇಲೆ ಇಷ್ಟು ಗಾಢವಾಗಿ ಯೋಚಿಸಿದ್ದು ನೋಡಿರಲಿಲ್ಲ. ಒಂದೊಂದೇ ಪರೀಕ್ಷೆ ಮಾಡುತ್ತಾ ಬರುತ್ತಿದ್ದಾರೆ. ಯಾವುದನ್ನೂ ಬಿಡುವುದಿಲ್ಲ. ಇನ್ನೆಷ್ಟು ದಿನ.

9 ಆಗಸ್ಟ್, ರವಿವಾರ

ರೋಟರಿನ ಮುಚ್ಚಳದ ಕಡೆ ಕೈ ಮಾಡಿದರು. ನಾಳೆ ನೋಡೂಣ್ರಿ, ಸ್ನಾನಕ್ಕ ನೀರು ಕಾದಾವ ಅಂದೆ. ಕೋಲು ಬಾನೆಟ್ಟಿಗೆ ಒರಗಿಸಿ ಎಡಗೈಯಿಂದ ತಾವೇ ಕ್ಲಿಪ್ ಬಿಡಿಸಿದರು. ಒಂದು. ಇನ್ನೊಂದು. ಮುಚ್ಚಳ ಎತ್ತಿದರು.

ಅಲ್ಲಿ ಏನೂ ಇರಲಿಲ್ಲ.

ಇಂಥದ್ದು ತಾನಾಗಿ ಬೀಳುವ ಸಾಮಾನಲ್ಲ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ. ಇವರು ಆತು ಅಂತಲೂ ಅನ್ನಲಿಲ್ಲ.

16 ಆಗಸ್ಟ್

ಹೊರಗೆ ಬರುವುದಿಲ್ಲ.

22 ಆಗಸ್ಟ್

ಇಲ್ಲ.

30 ಆಗಸ್ಟ್, ರವಿವಾರ

ಮೂರು ವಾರ. ಆ ಒಂದು ಮಾತೂ ನಿಂತಿದೆ. ಎರಡು ತುತ್ತಿಗೆ ಬಾಯಿ ಮುಚ್ಚುತ್ತಾರೆ. ತೋಳು ಸಣ್ಣಗಾಗಿದೆ, ನನ್ನ ಬಳೆಯೊಳಗೆ ತೂರುವಷ್ಟು. ಅಣ್ಣಾರಾಯ ಬಂದು ಕಾಲ ಬಳಿ ಕೂತ. “ಅಣ್ಣಾ, ಬೇಕಾದ್ರ ಇನ್ನೊಂದು ಗೋಡಿ ಕಟ್ಟತೇನಿ, ಅದನ್ನೂ ಕೆಡವು. ಉಣ್ಣೋ ಯಪ್ಪಾ” ಅಂದ. ಅತ್ತ. ಇವರು ತೊಲೆ ನೋಡುತ್ತಿದ್ದರು.

ರೋಟರ್ ತಂದು ಅಂಗೈಯಲ್ಲಿ ಇಟ್ಟೆ. ನಾನೇ ತೆಗೆಸಿದ್ದು, ಅಂಜಿಕಿಂದ ತೆಗೆಸಿದ್ದು ಅಂದೆ. ಬೆರಳು ಮಡಚಲಿಲ್ಲ. ಅದು ಹಾಸಿಗೆಗೆ ಉರುಳಿತು. ಅಲ್ಲೇ ಬಿಟ್ಟೆ.

2 ಸೆಪ್ಟೆಂಬರ್

ಇನ್ನೂ ಹಾಸಿಗೆಯ ಅಂಚಿನಲ್ಲೇ ಇದೆ. ಅದನ್ನು ಸರಿಸದೆ ಸುತ್ತ ಹಾಸಿಗೆ ಸರಿಮಾಡುತ್ತೇನೆ.

5 ಸೆಪ್ಟೆಂಬರ್

ರೋಟರ್ ನಾನೇ ಹಾಕಿದೆ. ಯಾರನ್ನೂ ಕೇಳಲಿಲ್ಲ. ಕ್ಲಿಪ್ಪು ಬಿಡಿಸಿ, ಕೂಡಿಸಿ, ಮುಚ್ಚಳ ಮುಚ್ಚಿದೆ. ಗಾಲಿಗಳಿಗೆ ಹಿಂದೆ ಮುಂದೆ ದೊಡ್ಡ ಕಲ್ಲು ಕೊಟ್ಟೆ. ಒಳಗೆ ಬಂದು ಹೇಳಿದೆ, “ಹಾಕೇನ್ರಿ. ಇನ್ನ ನಾ ತೆಗ್ಯಂಗಿಲ್ಲ. ನೀವ್ ಏನ್ ಮಾಡ್ತೀರೋ ಮಾಡ್ರಿ. ನನ್ನ ಕೈಲೆ ಇನ್ನ ಆಗೂದಿಲ್ಲ.”

ಕೇಳಿಸಿಕೊಂಡರು. ಅಷ್ಟೇ ಗೊತ್ತು.

6 ಸೆಪ್ಟೆಂಬರ್, ರವಿವಾರ, ಮುಂಜಾನೆ ಎಂಟು

ರೊಟ್ಟಿ ಬಡಿದು ಕೈ ತೊಳೆದು ಕೂತಿದ್ದೇನೆ. ಅಣ್ಣಾರಾಯನ ಮನೆಯವರು ಎಲ್ಲಾ ಜಿಡಗಾಕ್ಕೆ ಹೋಗಿದ್ದಾರೆ.

ಈಗ ಕೋಲಿನ ಸದ್ದು. ಹಾಸಿಗೆಯಿಂದ ಎದ್ದರು. ಪಡಸಾಲೆ ದಾಟಿದರು. ತಡೆಯಬೇಕೋ, ಬಿಡಬೇಕೋ. ಏಳುತ್ತಿಲ್ಲ ನಾನು. ಹೆಜ್ಜೆ ಎಣಿಸುತ್ತಿದ್ದೇನೆ. ಹದಿನೆಂಟಕ್ಕೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೂ ನಡೆಯುತ್ತಿದ್ದಾರೆ, ಗಾಡಿಯ ಸುತ್ತ. ಬಾಗಿಲಿನ ಸದ್ದು.

ಸೆಲ್ಫ್ ಕೇಳಿಸುತ್ತಿಲ್ಲ.

ಕಿಟಕಿಯಿಂದ ನೋಡಿ ಬಂದೆ. ಎಡಗಡೆ ಸೀಟಿನಲ್ಲಿ ಕೂತಿದ್ದಾರೆ. ನಾನು ಯಾವಾಗಲೂ ಕೂಡುವ ಕಡೆ. ಸ್ಟೇರಿಂಗಿನ ಹಿಂದೆ ಯಾರೂ ಇಲ್ಲ. ಆ ಬದಿಯ ಬಾಗಿಲು ಹಾರುಹೊಡೆದು ತೆರೆದಿದೆ.

ನನಗೆ ಗಾಡಿ ಹೊಡೆಯಲು ಬರುವುದಿಲ್ಲ. ಅವರಿಗೆ ಹೇಳಿಕೊಡಲು ಬರುವುದಿಲ್ಲ. ನಲವತ್ತಾರು ವರ್ಷ ನನಗೆ. ಇದು ಹೇಗೆ ಆಗುವ ಮಾತು...

ಹಾರ್ನ್. ಮೈ ಬಗ್ಗಿಸಿ ಎಡಗೈ ಚಾಚಿ ಒತ್ತುತ್ತಿದ್ದಾರೆ. ಬಂದೆ ಅಂದೆ. ಕೇಳಿಸಲಿಲ್ಲವೇನೋ. ಮತ್ತೆ ಒತ್ತುತ್ತಿದ್ದಾರೆ, ಬಿಡುತ್ತಲೇ ಇಲ್ಲ. ಹೊರಟೆ. ಗಾಲಿಯ ಕಲ್ಲು ತೆಗೆದು ಸ್ಟೇರಿಂಗಿನ ಹಿಂದೆ ಕೂಡುತ್ತೇನೆ.